ರೀಲು ಡಬ್ಬಿಗೆ ಕುಂಕುಮ

ನನ್ನ ಮೇಜಿನ ಮೇಲೆ ಒಂದು ದುಂಡನೆಯ ತಗಡಿನ ಡಬ್ಬಿ ಇದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಮುಚ್ಚಳದ ಮೇಲೆ ಅರಿಶಿನದ ಬೊಟ್ಟು, ಅದರ ನಡುವೆ ಕುಂಕುಮ. ಮನೆಗೆ ಬಂದವರು ಅದನ್ನು ಯಾವುದೋ ಕ್ಷೇತ್ರದ ಪ್ರಸಾದವೆಂದೇ ತಿಳಿಯುತ್ತಾರೆ. ಹೋದ ವಾರ ಬಂದಿದ್ದ ದೂರದ ನೆಂಟರೊಬ್ಬರು ಮುಚ್ಚಳ ತೆಗೆದು, ಒಳಗೆ ಸುತ್ತಿಟ್ಟ ಫಿಲ್ಮನ್ನು ಕಂಡು, ಸ್ವಲ್ಪ ಯೋಚಿಸಿ, ಆದರೂ ಕಣ್ಣಿಗೊತ್ತಿಕೊಂಡು ವಾಪಸು ಇಟ್ಟರು. ನಾನು ತಿದ್ದಲು ಹೋಗಲಿಲ್ಲ. ನನ್ನ ಸಿನಿಮಾಕ್ಕೆ ಅಷ್ಟು ಭಕ್ತಿಯ ಪ್ರೇಕ್ಷಕರು ಇನ್ನೆಲ್ಲಿ ಸಿಗಬೇಕು ಹೇಳಿ.

ಹೌದು, ನಾನು ಸಿನಿಮಾ ಮಾಡುವವಳು. ಚಾಮರಾಜಪೇಟೆಯಲ್ಲಿ ಈ ಮಾತು ಹೇಳಿದರೆ ಮುಂದಿನ ಪ್ರಶ್ನೆ ಹೀರೋ ಯಾರು ಎಂದು. ಹೀರೋ ಇಲ್ಲ. ಹೀರೋಯಿನ್ನೂ ಇಲ್ಲ, ಮಾತೂ ಇಲ್ಲ, ಹಾಡೂ ಇಲ್ಲ. ನನ್ನದು ಸ್ವತಂತ್ರ ಸಿನಿಮಾ. ಸ್ವತಂತ್ರ ಎಂದರೆ ಮಾಡು ಎಂದು ಯಾರೂ ಹೇಳಿರುವುದಿಲ್ಲ, ಬೇಡ ಎಂದು ಯಾರು ಹೇಳಿದರೂ ನಾನು ಕೇಳುವುದಿಲ್ಲ. ವಾರದಲ್ಲಿ ಕೆಲವು ದಿನ ಬಸವನಗುಡಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಉಳಿದ ದಿನ, ಒಂದೊಂದು ಚಿತ್ರವೂ ಕಿರುಬೆರಳಿನ ಉಗುರಿಗಿಂತ ಚಿಕ್ಕದಾಗಿರುವ ಫಿಲ್ಮಿನಲ್ಲಿ ನಮ್ಮ ಬೀದಿಯನ್ನು ಹಿಡಿಯುತ್ತೇನೆ. ಹಿಡಿದದ್ದನ್ನು ನಮ್ಮ ಬಚ್ಚಲುಮನೆಯಲ್ಲೇ ತೊಳೆಯುತ್ತೇನೆ. ಐವತ್ತು ಸಮೀಪಿಸಿದ ಹೆಂಗಸೊಬ್ಬಳು ಬಚ್ಚಲಿನ ಕದ ಹಾಕಿಕೊಂಡು ಕತ್ತಲಲ್ಲಿ ಸಿನಿಮಾ ತೊಳೆಯುತ್ತಾಳೆ ಎಂದು ತಿಳಿದವರು, ಕನಿಕರದಿಂದ ನೋಡುವುದು ನನ್ನನ್ನಲ್ಲ, ನಮ್ಮ ಪದ್ದತ್ತೆಯನ್ನು.

ಪದ್ದತ್ತೆ ನನ್ನ ತಂದೆಯ ಅಕ್ಕ. ಪದ್ಮಾವತಿ ಎಂಬ ಪೂರ್ತಿ ಹೆಸರು ಪಿಂಚಣಿಯ ಕಾಗದಗಳಲ್ಲಿ ಮಾತ್ರ ಉಳಿದಿದೆ. ಮದುವೆಯ ಗೋಜಿಗೆ ಹೋಗದೆ, ಊರಿನ ಮಕ್ಕಳಿಗೆಲ್ಲ ಲೆಕ್ಕ ಕಲಿಸಿ ನಿವೃತ್ತರಾದ ಟೀಚರು. ಎಂಬತ್ತು ದಾಟಿದೆ. ಮನೆ ಅವರದು, ಮಡಿ ಅವರದು, ಕಾಫಿ ಅವರದು. ನಾನೂ ನನ್ನ ಬಕೆಟ್ಟುಗಳೂ ಅಲ್ಲಿರುವುದು ಅವರ ದಾಕ್ಷಿಣ್ಯದಿಂದ. ನನ್ನ ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕಾಗಿ ಬಂದಿದ್ದರೂ ಅವರಿಗೆ ನಾನಿನ್ನೂ ಪುಟ್ಟಿ.

ನ್ಯಾಯವಾಗಿ ನೋಡಿದರೆ ನನ್ನ ಈ ಹುಚ್ಚಿಗೆ ಬೀಜ ಹಾಕಿದವರೂ ಅವರೇ. ನಾವು ಚಿಕ್ಕವರಿದ್ದಾಗ ಟಾಕೀಸಿನವರು ಕತ್ತರಿಸಿ ಎಸೆದ ಫಿಲ್ಮಿನ ತುಂಡುಗಳು ಹೇಗೋ ಮಕ್ಕಳ ಕೈಗೆ ಬರುತ್ತಿದ್ದವು. ಗೋಲಿಗೆ ಬದಲಾಗಿ, ಬಳಪಕ್ಕೆ ಬದಲಾಗಿ, ಒಮ್ಮೊಮ್ಮೆ ಅರ್ಧ ಕಡಿದ ಮಾವಿನಕಾಯಿಗೆ ಬದಲಾಗಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಉರಿದುಹೋದ ಬಲ್ಬಿನ ಬುಡ ಬಿಡಿಸಿ, ಒಳಗಿನದನ್ನೆಲ್ಲ ತೆಗೆದು ನೀರು ತುಂಬಿದರೆ ಭೂತಗನ್ನಡಿ ಸಿದ್ಧ. ಅಂಗಳದಲ್ಲಿ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯ ಸಂದಿಯಿಂದ ಒಳಗೆ ಕಳಿಸಬೇಕು. ಒಳಗೆ ಕತ್ತಲ ಕೋಣೆಯಲ್ಲಿ ಆ ಬಿಸಿಲಿಗೆ ಫಿಲ್ಮನ್ನೂ ಬಲ್ಬನ್ನೂ ಒಡ್ಡಿದರೆ, ಗೋಡೆಗೆ ಕಟ್ಟಿದ ತಾತನ ಪಂಚೆಯ ಮೇಲೆ ಯಾವನೋ ಹೀರೋ ಮೀಸೆಸಮೇತ ತಲೆಕೆಳಗಾಗಿ ನಿಲ್ಲುತ್ತಿದ್ದ. ಆ ಸಂತೋಷಕ್ಕೆ ಸಮನಾದದ್ದನ್ನು ನಾನು ಆಮೇಲೆ ಯಾವ ದೊಡ್ಡ ಥಿಯೇಟರಿನಲ್ಲೂ ಕಂಡಿಲ್ಲ. ಕೆಟ್ಟ ಬಲ್ಬು ಸಿಗದ ದಿನ ಅತ್ತೆ ಚೆನ್ನಾಗಿ ಉರಿಯುತ್ತಿದ್ದ ಬಲ್ಬನ್ನೇ ಹೋಲ್ಡರಿನಿಂದ ತೆಗೆದು, ಇದು ಹೋಗಿದೆ ತಗೋ ಎಂದು ಕೊಡುತ್ತಿದ್ದರು. ಸಂಜೆ ತಾತ ಹಜಾರದಲ್ಲಿ ಸ್ವಿಚ್ಚನ್ನು ಟಕಟಕ ಒತ್ತುವಾಗ ಅತ್ತೆ ಬಹಳ ಏಕಾಗ್ರತೆಯಿಂದ ಸೊಪ್ಪು ಬಿಡಿಸುತ್ತಿದ್ದರು.

ಅಂಗಳದಲ್ಲಿ ಕನ್ನಡಿ ಹಿಡಿಯುತ್ತಿದ್ದವರು ಎದುರು ಮನೆಯ ಕಮಲಮ್ಮ. ಆ ಕೆಲಸ ಮಕ್ಕಳಿಗೆ ಹಿಡಿಸುವಂಥದ್ದಲ್ಲ. ಕೈ ಅಲುಗಿದರೆ ಹೀರೋ ಗೋಡೆ ಬಿಟ್ಟು ಸೂರು ಹತ್ತುತ್ತಾನೆ. ಕಮಲಮ್ಮ ಮೆಟ್ಟಿಲ ಮೇಲೆ ಕೂತು, ಮಂಡಿಯ ಮೇಲೆ ಕನ್ನಡಿ ಊರಿ, ಸೂರ್ಯ ಸರಿದ ಹಾಗೆ ತಾವೂ ಇಷ್ಟಿಷ್ಟೇ ಸರಿಯುತ್ತಿದ್ದರು. ಒಳಗಿನಿಂದ ಅತ್ತೆ, ಹೊರಗಿನಿಂದ ಕಮಲಮ್ಮ, ಕಿಟಕಿಯ ಸಂದಿಯಲ್ಲಿ ಅವರ ಹರಟೆ. ನಾವು ಸಿನಿಮಾ ನೋಡಿದ್ದಕ್ಕಿಂತ ಅವರಿಬ್ಬರು ನಗುವುದನ್ನು ಕೇಳಿದ್ದೇ ಹೆಚ್ಚು.

ಅಂಥ ಇಬ್ಬರು ಮಾತು ಬಿಟ್ಟರು. ಕಾರಣ ಕಾಫಿ. ನಮ್ಮ ಮನೆಯ ಒಂದು ಮುಂಜಿಯ ದಿನ, ಅಷ್ಟೂ ನೆಂಟರ ಎದುರಿಗೆ ಕಮಲಮ್ಮ ಒಂದು ಗುಟುಕು ಕುಡಿದು, ಪದ್ದು ಕಾಫಿ ಅಂದ್ರೆ ಪಾಯಸ, ದ್ರಾಕ್ಷಿ ಗೋಡಂಬಿ ಒಂದೇ ಬಾಕಿ ಎಂದುಬಿಟ್ಟರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅವರ ಅಡುಗೆಗೆ ಹೆಸರಿಡಿ, ಸೀರೆಗೆ ಹೆಸರಿಡಿ, ಕಾಫಿಗೆ ಮಾತ್ರ ಇಡಬೇಡಿ. ಇನ್ನು ನನ್ನ ಕಾಫಿ ಅವಳಿಗಿಲ್ಲ ಎಂದರು. ಕಮಲಮ್ಮನೂ ಬೇಡವೇ ಬೇಡ ಎಂದರು. ಒಂದು ವಾರದ ಮುನಿಸು ಎಂದು ನಾವೆಲ್ಲ ತಿಳಿದೆವು. ಮುಂಜಿಯಾದ ಹುಡುಗನ ಮದುವೆಯಾಗಿ ಅವನ ಮಗನಿಗೂ ಮುಂಜಿಯಾಯಿತು, ಈ ಇಬ್ಬರ ನಡುವೆ ಒಂದು ಮಾತೂ ಆಗಲಿಲ್ಲ. ಎದುರುಬದುರು ಬಾಗಿಲು. ಒಬ್ಬರು ರಂಗೋಲಿ ಹಾಕಿ ಒಳಗೆ ಹೋದ ಮೇಲೆ ಇನ್ನೊಬ್ಬರ ಬಾಗಿಲು ತೆರೆಯುತ್ತಿತ್ತು. ಡಾಕ್ಟರು ಅತ್ತೆಗೆ ಸಕ್ಕರೆ ಬಿಡಿಸಿದರು. ಬೀದಿಗೆಲ್ಲ ಆ ಸುದ್ದಿ ಮುಟ್ಟಿತು, ಎದುರು ಮನೆಗೆ ಮುಟ್ಟಿತೋ ಇಲ್ಲವೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೋದ ವರ್ಷ ಕಮಲಮ್ಮ ಮನೆ ಮಾರಿದರು. ದಸರಾ ಕಳೆದ ಮೇಲೆ ಯಲಹಂಕದಲ್ಲಿ ಮಗಳ ಫ್ಲಾಟಿಗೆ ಹೋಗುವುದೆಂದು ತೀರ್ಮಾನವಾಯಿತು. ಅತ್ತೆ ಆ ಸುದ್ದಿ ಕೇಳಿ, ಹೋಗಲಿ ಬಿಡು ಎಂದರು. ಆಮೇಲೆ ಆ ದಿನವೆಲ್ಲ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದರು. ನಮ್ಮ ಬೀದಿಯ ಮಧ್ಯಾಹ್ನಗಳ ಬಗ್ಗೆ ನಾನಾಗ ಒಂದು ಪುಟ್ಟ ಸಿನಿಮಾ ಮಾಡುತ್ತಿದ್ದೆ. ಅದರಲ್ಲಿ ಇವರಿಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಬೇಕು, ಕೂತರೆ ಮಾತು ತಾನಾಗಿ ಬರುತ್ತದೆ ಎಂದು ನನಗೆ ಬಲವಾದ ಆಸೆ. ಇಬ್ಬರ ಹತ್ತಿರವೂ ಹೋಗಿ ಕೇಳಿದೆ. ಇಬ್ಬರೂ ನನ್ನನ್ನು ತೆಗೆ ಎಂದರು. ಇಬ್ಬರೂ ಅವಳ ಜೊತೆ ಬೇಡ ಎಂದರು. ಅಷ್ಟರಮಟ್ಟಿಗೆ ಅವರಲ್ಲಿ ಒಮ್ಮತವಿತ್ತು.

ಈಗ ಈ ಫಿಲ್ಮಿನ ಸ್ವಭಾವ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಪಜೀತಿ ನಿಮಗೆ ತಿಳಿಯುವುದಿಲ್ಲ. ನನ್ನ ಕ್ಯಾಮೆರಾ ಕೀಲಿ ಕೊಟ್ಟು ಓಡಿಸುವಂಥದ್ದು. ಶೇಷಾದ್ರಿಪುರದ ಗೆಳತಿಯೊಬ್ಬಳು ತನ್ನ ತಾತನ ಬೀರು ಖಾಲಿ ಮಾಡುವಾಗ ನನಗೆ ಕೊಟ್ಟದ್ದು. ಹೊಲಿಗೆ ಮೆಷಿನ್ನಿನಂತೆ ಸದ್ದು ಮಾಡುತ್ತದೆ. ಅದರಲ್ಲಿ ಫಿಲ್ಮು ಓಡುವಾಗ ಅಗಲದ ಅರ್ಧಕ್ಕೆ ಮಾತ್ರ ಚಿತ್ರ ಬೀಳುತ್ತದೆ. ಮುಗಿದ ಮೇಲೆ ರೀಲನ್ನು ತೆಗೆದು, ದೋಸೆ ಮಗುಚಿದಂತೆ ಮಗುಚಿ ಹಾಕಿ, ಇನ್ನೊಮ್ಮೆ ಓಡಿಸಬೇಕು. ಆಗ ಉಳಿದರ್ಧ ತುಂಬುತ್ತದೆ. ತೊಳೆದು ಒಣಗಿಸಿದ ಮೇಲೆ ಹೂ ಕಟ್ಟುವವರು ಬಾಳೆನಾರು ಸೀಳುವಂತೆ ನಡುವೆ ಉದ್ದಕ್ಕೂ ಸೀಳಿ ಎರಡನ್ನೂ ಜೋಡಿಸಿದರೆ ಸಿನಿಮಾ. ಮರೆತು ಮೂರನೆಯ ಸಲ ಓಡಿಸಿದಿರೋ, ಮೊದಲಿನ ಚಿತ್ರದ ಮೇಲೆಯೇ ಹೊಸ ಚಿತ್ರ ಬೀಳುತ್ತದೆ. ಫಿಲ್ಮು ಸಾಕು ಎನ್ನುವುದಿಲ್ಲ. ಕೊಟ್ಟಷ್ಟೂ ಬೆಳಕು ಕುಡಿಯುತ್ತದೆ.

ಓಡಿದ ರೀಲು ಓಡದ ರೀಲು ಎರಡೂ ನೋಡಲು ಒಂದೇ. ಚೀಟಿ ಅಂಟಿಸಿದರೆ ನಮ್ಮ ಬಚ್ಚಲಿನ ಹಬೆಗೆ ಬಿಚ್ಚಿಕೊಳ್ಳುತ್ತದೆ, ತಗಡಿನ ಮೇಲೆ ಪೆನ್ನು ಜಾರುತ್ತದೆ. ಹಾಗಾಗಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ಒಂದು ಬದಿ ಓಡಿಸಿದ ಡಬ್ಬಿಗೆ ಅರಿಶಿನದ ಬೊಟ್ಟು. ಎರಡೂ ಬದಿ ಮುಗಿದರೆ ಅದರ ಮೇಲೆ ಕುಂಕುಮ. ಹೊಸದಕ್ಕೆ ಏನೂ ಇಲ್ಲ. ಈ ಉಪಾಯದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಕಾಲೇಜಿನ ಮಕ್ಕಳಿಗೆ, ನೋಡಿ ನಮ್ಮ ಸಂಸ್ಕೃತಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಒಂದು ಭಾಷಣವನ್ನೂ ಬಿಗಿದಿದ್ದೆ.

ತೊಳೆಯುವುದಂತೂ ಇನ್ನೊಂದು ಕತೆ. ಬಚ್ಚಲಿನ ಕಿಟಕಿಗೆ ಕಂಬಳಿ ಹೊಡೆದು, ಪೂರ್ತಿ ಕತ್ತಲು ಮಾಡಿಕೊಂಡು, ಬಕೆಟ್ಟಿನ ಔಷಧದಲ್ಲಿ ಫಿಲ್ಮನ್ನು ಸಡಿಲವಾಗಿ ಮುಳುಗಿಸಿ, ಶಾವಿಗೆಗೆ ಒಗ್ಗರಣೆ ಬೆರೆಸುವಂತೆ ಕೈಯಾಡಿಸುತ್ತ ಕೂರಬೇಕು. ಕೈಯಾಡಿಸಿದಷ್ಟು ಹೊತ್ತೇ ಮುಖ್ಯ. ಆದರೆ ಕತ್ತಲಲ್ಲಿ ಹೊತ್ತು ತಿಳಿಯುವುದು ಹೇಗೆ? ಮೊಬೈಲು ತೆರೆದರೆ ಅದರ ಬೆಳಕಿಗೆ ಫಿಲ್ಮು ಹಾಳು. ಅಡುಗೆಮನೆಯ ಟೈಮರೊಂದನ್ನು ತಂದೆ; ಅದರ ಕಿರುಚಾಟಕ್ಕೆ ಬೆಚ್ಚಿಬಿದ್ದು ಬಕೆಟ್ಟನ್ನೇ ಉರುಳಿಸಿದೆ. ಆಗ ನೆರವಿಗೆ ಬಂದವರು ಅತ್ತೆ. ಅವರು ದಿನವೂ ಹೇಳುವ ಸ್ತೋತ್ರವೊಂದಿದೆ. ಅದರ ಗತಿ ಮಳೆಗಾಲಕ್ಕೂ ಬೇಸಿಗೆಗೂ ಬದಲಾಗುವುದಿಲ್ಲ. ಅನ್ನ ಎಲ್ಲಿಗೆ ಬೆಂದಿದೆ, ಡಿಕಾಕ್ಷನ್ ಎಲ್ಲಿಗೆ ಇಳಿದಿದೆ ಎಂಬುದನ್ನೆಲ್ಲ ಅವರು ತಿಳಿಯುವುದು ಅದರಿಂದಲೇ. ಬಚ್ಚಲಿನ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತು ಅವರು ಸ್ತೋತ್ರ ಶುರು ಮಾಡಿದರೆ ನಾನು ಫಿಲ್ಮು ಮುಳುಗಿಸುತ್ತೇನೆ. ಅವರು ನಮಸ್ಕಾರ ಎಂದಾಗ ಎತ್ತುತ್ತೇನೆ. ಜಗತ್ತಿನಲ್ಲಿ ಇಷ್ಟು ಪುಣ್ಯ ಹಚ್ಚಿಕೊಂಡ ಫಿಲ್ಮುಗಳು ಬೇರೆ ಇರಲಾರವು.

ಒಣಗಿಸಲು ಜಾಗ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಧೂಳು ಸೋಕದ ಎತ್ತರದ ಜಾಗ ನಮ್ಮ ಮನೆಯಲ್ಲಿ ಒಂದೇ, ಅತ್ತೆ ಮಡಿಬಟ್ಟೆ ಒಣಹಾಕುವ ಗಳ. ಸೂರಿನಿಂದ ಹಗ್ಗ ಕಟ್ಟಿ ತೂಗುಬಿಟ್ಟ ಆ ಬಿದಿರಿನ ಮೇಲೆ ಅವರ ಮಡಿಸೀರೆ ಕೋಲಿನಿಂದಲೇ ಏರಬೇಕು, ಕೋಲಿನಿಂದಲೇ ಇಳಿಯಬೇಕು. ಬೇರೆಯವರು ಮುಟ್ಟುವಂತಿಲ್ಲ. ಅಲ್ಲಿ ಫಿಲ್ಮು ನೇತುಹಾಕಲೇ ಎಂದಾಗ, ಇದಕ್ಕೆ ಏನು ಬಳಿದಿರುತ್ತಾರೆ ಎಂದು ಕೇಳಿದರು. ಅತ್ತೆಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ದನದ ಮೂಳೆ, ಚರ್ಮ ಕುದಿಸಿ ತೆಗೆದ ಒಂಥರದ ಅಂಟು ಎಂದೆ. ಅತ್ತೆ ಗಳವನ್ನು ನೋಡಿದರು, ಫಿಲ್ಮನ್ನು ನೋಡಿದರು. ನಾನು ಬಕೆಟ್ಟು ಎತ್ತಿಕೊಂಡು ಹೊರಡಲು ಸಿದ್ಧಳಾದೆ.

“ಮೃದಂಗವೂ ತೊಗಲೇ,” ಎಂದರು ಕೊನೆಗೆ. “ದೇವರ ಮುಂದೇನೇ ಕೂರುತ್ತೆ. ಹಾಕು ಆ ತುದೀಗೆ. ನನ್ನ ಸೀರೆಗೆ ತಗುಲಬಾರದು ಅಷ್ಟೆ.”

ಅಂದಿನಿಂದ ಗಳದ ಒಂದು ತುದಿಯಲ್ಲಿ ಮಡಿಸೀರೆ, ಇನ್ನೊಂದು ತುದಿಯಲ್ಲಿ ಸಿನಿಮಾ.

ಎಲ್ಲಿದ್ದೆ? ಹಾಂ, ಕಮಲಮ್ಮ. ದಸರೆಯ ಮೊದಲ ದಿನಗಳಲ್ಲಿ ಅವರನ್ನು ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ ತೆಗೆದೆ. ಮಧ್ಯಾಹ್ನದ ಬಿಸಿಲು ಅವರ ಮುಖದ ಮೇಲಿತ್ತು, ಹಿಂದೆ ತೆರೆದ ಬಾಗಿಲಿನ ಒಳಗೆಲ್ಲ ಕತ್ತಲು. ಹೂವಿನವಳು ಬಂದಳು. ಕಮಲಮ್ಮ ಕೈ ಚಾಚಿ ಮಲ್ಲಿಗೆ ಇಸಿದುಕೊಂಡು, ಮೂಸಿ, ನಮ್ಮ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ನೋಡಲೇ ಇಲ್ಲವೆಂಬಂತೆ ಮುಖ ತಿರುಗಿಸಿದರು. ಕೀಲಿ ಮುಗಿಯುವವರೆಗೂ ನಾನು ಗುಂಡಿಯಿಂದ ಬೆರಳು ತೆಗೆಯಲಿಲ್ಲ. ರೀಲಿನ ಇನ್ನೊಂದು ಬದಿಯಲ್ಲಿ ಅವರ ತುಳಸಿಕಟ್ಟೆ, ಕಿಟಕಿಯ ಸರಳು, ಅವರು ಬಿಟ್ಟುಹೋಗಲಿದ್ದ ಎಲ್ಲವನ್ನೂ ತುಂಬಿದೆ. ಡಬ್ಬಿಗೆ ಅರಿಶಿನ ಹಚ್ಚಿ ಕುಂಕುಮವಿಟ್ಟು ಜೋಪಾನ ಮಾಡಿದೆ.

ಆಯುಧಪೂಜೆಯ ದಿನ ಕಾಲೇಜಿನಲ್ಲಿ ಕಂಪ್ಯೂಟರುಗಳಿಗೆ ಹಾರ ಹಾಕಿ, ಪುರಿ ಕಡಲೆ ತಿಂದು ಮನೆಗೆ ಬಂದೆ. ಹಜಾರಕ್ಕೆ ಕಾಲಿಟ್ಟವಳು ಹಾಗೇ ನಿಂತೆ. ಮಣೆಯ ಮೇಲೆ ನನ್ನ ಕ್ಯಾಮೆರಾ ಸೇವಂತಿಗೆ ಮುಡಿದು ಕೂತಿತ್ತು. ಪಕ್ಕದಲ್ಲಿ ಕತ್ತರಿ, ಬಕೆಟ್ಟು, ಪ್ರೊಜೆಕ್ಟರು. ಮುಂದೆ ಸಾಲಾಗಿ ನನ್ನ ಡಬ್ಬಿಗಳೆಲ್ಲ. ಅತ್ತೆ ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೆಯ ಕಲೆಗಳನ್ನೆಲ್ಲ ಉಜ್ಜಿ ತೆಗೆದು, ಎಲ್ಲಕ್ಕೂ ಒಂದೇ ಸಮನಾಗಿ ಹೊಸದಾಗಿ ಅರಿಶಿನ ಕುಂಕುಮ ಹಚ್ಚಿದ್ದರು. ಯಾವುದು ಹೊಸದು, ಯಾವುದು ಅರ್ಧ, ಯಾವುದು ಕಮಲಮ್ಮನದು, ಆ ಪರಮಾತ್ಮನಿಗೇ ಗೊತ್ತು. ಅವನೂ ಪೂಜೆಯ ಸಡಗರದಲ್ಲಿ ಗಮನಿಸಿರಲಾರ.

“ನಿನ್ನ ಆಯುಧಗಳಲ್ವೇನೇ ಇವು,” ಎಂದರು ಅತ್ತೆ, ಬಹಳ ತೃಪ್ತಿಯಿಂದ. “ನಾನು ಮಾಡದೆ ಇನ್ಯಾರು ಮಾಡ್ತಾರೆ ಪೂಜೆ?”

ನನ್ನ ಸಿನಿಮಾವನ್ನು ಅಲ್ಲಿಯವರೆಗೆ ಯಾರೂ ಒಂದು ಕಸುಬೆಂದು ಒಪ್ಪಿರಲಿಲ್ಲ, ನನ್ನನ್ನೂ ಸೇರಿಸಿ. ಅದಕ್ಕೆ ಮೊದಲ ಮಂಗಳಾರತಿ ಎತ್ತಿದವರ ಮೇಲೆ ಹೇಗೆ ರೇಗುವುದು? ಬಂದ ಕಣ್ಣೀರು ಡಬ್ಬಿಗಳಿಗಾಗಿಯೋ ಅತ್ತೆಗಾಗಿಯೋ ನನಗೇ ತಿಳಿಯಲಿಲ್ಲ. ಸುಮ್ಮನೆ ಬಗ್ಗಿ ಅವರ ಕಾಲು ಮುಟ್ಟಿ, ಕೊಟ್ಟ ಬಾಳೆಹಣ್ಣಿನ ರಸಾಯನ ತಿಂದೆ.

ಆಮೇಲೆ ಪತ್ತೇದಾರಿಕೆಗೆ ಇಳಿದೆ. ಡಬ್ಬಿಗಳನ್ನು ಅಲುಗಿಸಿ ನೋಡಿದೆ, ಮೂಸಿ ನೋಡಿದೆ, ತರಕಾರಿ ಆರಿಸುವವಳಂತೆ ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿದೆ. ಕೊನೆಗೆ ಒಂದನ್ನು ಇದೇ ಅರ್ಧ ಓಡಿದ್ದು ಎಂದು, ಇನ್ನೊಂದನ್ನು ಇದೇ ಕಮಲಮ್ಮನದು ಎಂದು ತೀರ್ಮಾನಿಸಿದೆ. ಇಷ್ಟು ವರ್ಷ ಫಿಲ್ಮಿನ ಜೊತೆ ಬಾಳಿದವಳಿಗೆ ಅಷ್ಟು ಗೊತ್ತಾಗುವುದಿಲ್ಲವೇ ಎಂಬ ಜಂಬ ಬೇರೆ. ಮರುದಿನ, ವಿಜಯದಶಮಿಯ ಮಧ್ಯಾಹ್ನ, ಅರ್ಧ ಓಡಿದ್ದು ಎಂದುಕೊಂಡ ರೀಲಿನಲ್ಲಿ ಅತ್ತೆಯನ್ನು ತೆಗೆದೆ. ಪೋಸು ಕೊಡುವುದಿಲ್ಲ, ಕಾಫಿ ಮಾಡುತ್ತಿರುತ್ತೇನೆ, ಬೇಕಾದರೆ ಹಿಡಿದುಕೋ ಎಂದಿದ್ದರು. ಅಡುಗೆಮನೆಯ ಮಬ್ಬಿನಲ್ಲಿ ಕಿಟಕಿಯ ಬೆಳಕು ಅವರ ಮೇಲೆ ಮಾತ್ರ ಬೀಳುತ್ತಿತ್ತು. ಎತ್ತರದಿಂದ ಕಾಫಿ ಸುರಿದು, ನೊರೆ ಎಬ್ಬಿಸಿ, ಅಭ್ಯಾಸಬಲದಿಂದ ಸಕ್ಕರೆ ಡಬ್ಬಿಗೆ ಕೈ ಹಾಕಿ, ಡಾಕ್ಟರ ನೆನಪಾಗಿ ಕೈ ಹಿಂದಕ್ಕೆ ತೆಗೆದು, ಲೋಟವನ್ನು ಮುಂದಕ್ಕೆ ಚಾಚಿದರು. ಅದು ನನಗೆ ಕೊಟ್ಟ ಕಾಫಿ. ಕ್ಯಾಮೆರಾ ಹಿಡಿದಿದ್ದರಿಂದ ಇಸಿದುಕೊಳ್ಳಲಾಗಲಿಲ್ಲ. ಚೌಕಟ್ಟಿನ ಎಡಭಾಗ ಖಾಲಿಯಾಗಿಯೇ ಉಳಿಯಿತು.

ಕಮಲಮ್ಮನಿಗೆ ಬೀದಿಯವರೆಲ್ಲ ಸೇರಿ ಒಂದು ಸಣ್ಣ ಬೀಳ್ಕೊಡುಗೆ ಇಟ್ಟುಕೊಂಡರು. ಬೀದಿಯ ಕೊನೆಯ ರಾಮಮಂದಿರದಲ್ಲಿ ಸಂಜೆ ಭಜನೆ, ಕೋಸಂಬರಿ, ಆಮೇಲೆ ನನ್ನ ಸಿನಿಮಾ. ಅತ್ತೆಯೂ ಬರುತ್ತೇನೆಂದರು. ರಾಮಮಂದಿರ ಯಾರಪ್ಪನದೂ ಅಲ್ಲವಲ್ಲ ಎಂದು ತಾವಾಗಿಯೇ ಕಾರಣ ಕೊಟ್ಟರು. ನಾನು ಎಂದಿನಂತೆ ಕೊನೆ ಗಳಿಗೆಯವರೆಗೆ ಕಾದು, ಆ ದಿನ ಬೆಳಗ್ಗೆ ಬಚ್ಚಲಿಗಿಳಿದೆ. ಮೊದಲು ಅತ್ತೆಯ ರೀಲು. ಅವರು ಹೊರಗೆ ಮಣೆ ಎಳೆದುಕೊಂಡು ಸ್ತೋತ್ರ ಶುರು ಮಾಡಿದರು. ಅರ್ಧಕ್ಕೆ ಬಂದಿರಬೇಕು, ಇದ್ದಕ್ಕಿದ್ದಂತೆ ನಿಂತಿತು. ಎಂದೂ ಹೀಗಾದದ್ದಿಲ್ಲ.

“ಪುಟ್ಟಿ,” ಎಂದರು ಬಾಗಿಲ ಆಚೆಯಿಂದ. “ಅವಳು ಸಿನಿಮಾದಲ್ಲಿ ಹೇಗೆ ಕಾಣ್ತಾಳೆ?”

ತೆಗೆಯುವಾಗ ಚೆನ್ನಾಗಿ ಕಂಡರು, ತೆಳ್ಳಗಾಗಿದ್ದಾರೆ ಎಂದೆ. ಸ್ತೋತ್ರ ಮತ್ತೆ ಶುರುವಾಯಿತು, ಆದರೆ ಬಿಟ್ಟ ಜಾಗದಿಂದಲ್ಲ. ಒಂದೇ ರೀತಿ ಶುರುವಾಗುವ ಸಾಲುಗಳು ಅದರಲ್ಲಿ ಹಲವಿವೆ; ಅತ್ತೆ ಒಂದರಿಂದ ಇನ್ನೊಂದಕ್ಕೆ ಹಾರಿ ಬಹಳ ಬೇಗ ನಮಸ್ಕಾರಕ್ಕೆ ಬಂದುಬಿಟ್ಟರು. ಬೇಗವಾಯಿತಲ್ಲ ಎಂದು ನನಗೂ ಅನ್ನಿಸಿತು. ಆದರೆ ಅತ್ತೆಯ ಸ್ತೋತ್ರ ತಪ್ಪಬಹುದೆಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಿದ್ದಿಲ್ಲ. ಫಿಲ್ಮನ್ನು ಎತ್ತಿದೆ, ಮುಂದಿನ ಔಷಧಗಳಲ್ಲಿ ಅದ್ದಿದೆ, ತೊಳೆದು ಗಳಕ್ಕೆ ಏರಿಸಿದೆ.

ಮಧ್ಯಾಹ್ನ ಒಣಗಿದ ಫಿಲ್ಮನ್ನು ಸೀಳಿ, ಭೂತಗನ್ನಡಿ ಹಿಡಿದು ನೋಡಿದೆ. ಅತ್ತೆಯ ಕೈ ಕಂಡಿತು. ಅದೇ ಚೌಕದಲ್ಲಿ ಇನ್ನೊಂದು ಕೈ. ಮುಂದಿನದನ್ನು ನೋಡಿದೆ. ಅತ್ತೆಯ ತಲೆಯ ಪಕ್ಕದಲ್ಲಿ ಬಾಗಿಲಿನ ಚೌಕಟ್ಟು, ಮಲ್ಲಿಗೆ, ಕಟ್ಟೆ. ನಾನು ಅರ್ಧ ಓಡಿದ್ದು ಎಂದುಕೊಂಡದ್ದೇ ಕಮಲಮ್ಮನ ರೀಲಾಗಿತ್ತು; ಕಮಲಮ್ಮನದೆಂದು ಎತ್ತಿಟ್ಟದ್ದು ಬೇರೆ ಯಾವುದೋ. ಅವರ ಮೇಲೆಯೇ ಅತ್ತೆಯನ್ನು ಓಡಿಸಿದ್ದೆ.

ಮತ್ತೆ ತೆಗೆಯೋಣವೆಂದರೆ ಕಮಲಮ್ಮನ ಕಟ್ಟೆಯ ಮೇಲೆ ಆಗಲೇ ಬೀರುಗಳೂ ರಟ್ಟಿನ ಪೆಟ್ಟಿಗೆಗಳೂ ಏರಿ ಕೂತಿದ್ದವು. ಇನ್ನೊಂದು ವಿಷಯವೂ ನನ್ನನ್ನು ಕಾಡಿತು. ಎರಡು ಪಾಲು ಬೆಳಕು ಕುಡಿದ ಫಿಲ್ಮು ತೊಳೆದಾಗ ಬಿಳಚಿಕೊಂಡು ಅಳಿಸಿಹೋಗಬೇಕಿತ್ತು. ಹೋಗಿರಲಿಲ್ಲ. ಯೋಚಿಸಿ ನೋಡಿದರೆ, ಅತ್ತೆ ಸ್ತೋತ್ರದಲ್ಲಿ ಹಾರಿದ್ದರಿಂದ ಅದು ಔಷಧದಲ್ಲಿ ಕಡಿಮೆ ಹೊತ್ತು ಇತ್ತು, ಅದಕ್ಕೇ ಉಳಿದಿತ್ತು. ಕಮಲಮ್ಮನ ನೆನಪಾಗಿ ಅತ್ತೆ ತಪ್ಪದಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ಇಷ್ಟಾದ ಮೇಲೆ ತೋರಿಸದೆ ಇರುವುದು ಹೇಗೆ? ತೋರಿಸಿದರೆ, ಜೊತೆಯಲ್ಲಿ ಬೇಡ ಎಂದು ಖಂಡಿತವಾಗಿ ಹೇಳಿದ ಇಬ್ಬರನ್ನು ಬೀದಿಯವರ ಮುಂದೆ ಒಟ್ಟಿಗೆ ಕಟ್ಟಿಹಾಕಿದಂತೆ. ಅತ್ತೆ ಎದ್ದು ಹೋದರೆ? ಕಮಲಮ್ಮ ಅದೇ ನೋವಿನಲ್ಲಿ ಬೀದಿ ಬಿಟ್ಟರೆ? ಹೇಳಿಬಿಡೋಣವೆಂದು ಅತ್ತೆಯ ಕೋಣೆಗೆ ಹೋದೆ. ಅವರು ಒಳ್ಳೆಯ ಸೀರೆ ಉಟ್ಟು, ಕನ್ನಡಿಯ ಮುಂದೆ ಕುಂಕುಮ ತಿದ್ದಿಕೊಳ್ಳುತ್ತಿದ್ದರು. ಬಾಗಿಲಿನಿಂದಲೇ ವಾಪಸು ಬಂದೆ.

ರಾಮಮಂದಿರದ ಗೋಡೆಗೆ ತಾತನ ಹಳೆಯ ಪಂಚೆಯನ್ನೇ ಕಟ್ಟಿದೆ. ಜಮಖಾನದ ಎಡಗಡೆಯ ಕುರ್ಚಿಯಲ್ಲಿ ಕಮಲಮ್ಮ, ಬಲಗಡೆಯ ಕುರ್ಚಿಯಲ್ಲಿ ಅತ್ತೆ, ನಡುವೆ ನಾನೂ ಪ್ರೊಜೆಕ್ಟರೂ. ದೀಪ ಆರಿಸಿದರು. ಮೊದಲಿಗೆ ಬೀದಿಯ ಬೇರೆ ಬೇರೆ ಮಧ್ಯಾಹ್ನಗಳು: ಒಣಹಾಕಿದ ಮೆಣಸಿನಕಾಯಿ, ಸ್ಕೂಟರಿನ ಮೇಲೆ ಮಲಗಿದ ಬೆಕ್ಕು, ಇಸ್ತ್ರಿಯವರ ತೂಕಡಿಕೆ. ಜನ ತಮ್ಮ ತಮ್ಮ ಮನೆ ಗುರುತಿಸಿ ನಗುತ್ತಿದ್ದರು. ನಾನು ಮಾತ್ರ ರೀಲಿನಲ್ಲಿ ಇನ್ನೆಷ್ಟು ಸುತ್ತು ಉಳಿದಿದೆಯೆಂದು ನೋಡುತ್ತಿದ್ದೆ. ಆಮೇಲೆ ಆ ತುಂಡು ಬಂತು.

ಪಂಚೆಯ ಎಡಭಾಗದಲ್ಲಿ ಕಮಲಮ್ಮ ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತಿದ್ದರು. ಅವರ ಹಿಂದಿನ ಬಾಗಿಲು ಕತ್ತಲಾಗಿತ್ತಲ್ಲ, ಆ ಕತ್ತಲಲ್ಲಿ ಅತ್ತೆ ಮೂಡಿದರು. ನಮ್ಮ ಅಡುಗೆಮನೆಯಲ್ಲಲ್ಲ, ಕಮಲಮ್ಮನ ಬಾಗಿಲಲ್ಲಿ, ಆ ಮನೆಯವರೇ ಎಂಬಂತೆ ನಿಂತು ಎತ್ತರದಿಂದ ಕಾಫಿ ಸುರಿಯುತ್ತಿದ್ದರು. ಪ್ರೊಜೆಕ್ಟರಿನ ಕಟಕಟ ಒಂದೇ ಕೇಳುತ್ತಿತ್ತು. ಅತ್ತೆ ಸಕ್ಕರೆಗೆ ಕೈ ಹಾಕಿ ಹಿಂದಕ್ಕೆ ತೆಗೆದರು. ಲೋಟ ಮುಂದಕ್ಕೆ ಚಾಚಿದರು. ಎಡಗಡೆ ಕಮಲಮ್ಮ, ಹೂವಿಗೆಂದು, ಕೈ ಚಾಚಿದರು. ಹೂವಿನವಳು ಬಿಸಿಲಿನ ಬಿಳುಪಿನಲ್ಲಿ ಕರಗಿಹೋಗಿದ್ದಳು. ಉಳಿದದ್ದು ಆ ಲೋಟ, ಆ ಕೈ. ಕಮಲಮ್ಮ ಇಸಿದುಕೊಂಡರು, ಮುಖದ ಹತ್ತಿರ ತಂದರು, ಕಣ್ಣು ಮುಚ್ಚಿ ಮೂಸಿದರು.

ಕತ್ತಲಲ್ಲಿ ಬಲಗಡೆಯ ಕುರ್ಚಿ ಕಿರುಗುಟ್ಟಿತು. ಮುಗಿಯಿತು, ಅತ್ತೆ ಎದ್ದರು ಎಂದುಕೊಂಡೆ.

“ಸಕ್ಕರೆ ಹಾಕಿಲ್ಲ ಕಣೇ ಕಮಲಾ,” ಎಂದರು ಅತ್ತೆ.

ಎಡಗಡೆಯಿಂದ ಮೂಗೆಳೆದುಕೊಂಡ ಸದ್ದು ಬಂತು.

“ಹಾಕಿದ್ರೂ ಕುಡೀತಿದ್ದೆ ಕಣೇ ಪದ್ದು.”

ರೀಲು ಮುಗಿದು ಬರಿಯ ಬಿಳಿ ಬೆಳಕು ಪಂಚೆಯ ಮೇಲೆ ಬಿತ್ತು. ಯಾರೋ ದೀಪ ಹಾಕಲು ಎದ್ದರು, ನಾನು ಬೇಡವೆಂದು ಕೈಯಾಡಿಸಿದೆ. ಕಮಲಮ್ಮ ಕುರ್ಚಿ ಹಿಡಿದು ಏಳುತ್ತಿದ್ದರು. ಪ್ರೊಜೆಕ್ಟರಿನ ಮುಂದೆ ಹಾದು ಬಂದಾಗ ಅವರ ನೆರಳು ತಾತನ ಪಂಚೆಯ ತುಂಬ ದೊಡ್ಡದಾಗಿ ಬಿದ್ದು, ಬಲಕ್ಕೆ ಸರಿದು, ಅತ್ತೆಯ ನೆರಳಿನ ಪಕ್ಕ ಕೂತಿತು. ಸೆರಗಿನಿಂದ ಯಾರು ಯಾರ ಕಣ್ಣು ಒರೆಸಿದರೋ ನನಗೆ ಸರಿಯಾಗಿ ಕಾಣಲಿಲ್ಲ, ನನ್ನ ಕಣ್ಣೂ ಅಷ್ಟೇನೂ ನೆಟ್ಟಗಿರಲಿಲ್ಲ.

“ಮೊದಲಿಂದ ಹಾಕು ಪುಟ್ಟಿ,” ಎಂದರು ಅತ್ತೆ, ತರಗತಿಯಲ್ಲಿ ಹೇಳುವ ದನಿಯಲ್ಲಿ. “ಅಷ್ಟು ದೂರದಿಂದ ಇವಳಿಗೆ ಸರಿಯಾಗಿ ಕಂಡಿಲ್ಲ.”

ಹಾಕಿದೆ.